ಇಕ್ಕೇರಿಯ ಹಳೆ ಮನೆಗೆ ಎರಡು ಕೋಣೆ ಸೇರಿಸುವ ಮೊದಲು

ಸಾಗರದ ಹತ್ತಿರದ ಇಕ್ಕೇರಿಯಲ್ಲಿರುವ ನನ್ನ ಸೋದರಮಾವನ ಮನೆಗೆ ಹೊಸದಾಗಿ ಏನನ್ನು ಸೇರಿಸಬಹುದು, ಏನನ್ನು ಸೇರಿಸಬಾರದು ಎಂದು ಪರಿಶೀಲಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಎರಡು ಕಾರಣಗಳಿದ್ದವು. ನಾನು ಶಿವಮೊಗ್ಗದಲ್ಲಿ ಮನೆಗಳ ನಕ್ಷೆ ಬರೆದುಕೊಂಡು ಬದುಕುವವನು ಎಂಬುದು ಒಂದು. ಶುಲ್ಕ ಕೇಳಲಾರದಷ್ಟು ಹತ್ತಿರದ ನೆಂಟ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿರುವ ಮಾವನ ಮಗ ಅಲ್ಲಿಯೇ ಒಬ್ಬರಿಂದ ನಕ್ಷೆ ಮಾಡಿಸಿ ಕಳುಹಿಸಿದ್ದ. ಅಂಗಳದಲ್ಲಿ ಕಾರು ನಿಲ್ಲಿಸಲು ಜಗಲಿಗೆ ತಾಗಿದಂತೆ ಕಾಂಕ್ರೀಟಿನ ಪೋರ್ಟಿಕೊ, ಅಡುಗೆಮನೆಯ ಸಾಲಿನ ಮೇಲೆ ಒಂದು ಮಹಡಿ, ಮಹಡಿಯ ತಾರಸಿಯ ಮೇಲೆ ನೀರಿನ ಟ್ಯಾಂಕು, ಹಿತ್ತಲ ಗೋಡೆಗೆ ಒತ್ತಿಕೊಂಡು ಎರಡು ಮಲಗುವ ಕೋಣೆಗಳು ಮತ್ತು ಎರಡು ಬಚ್ಚಲುಗಳು ಆ ನಕ್ಷೆಯಲ್ಲಿದ್ದವು. ಮುಂದೆ ಊರಿಗೆ ಬಂದು ನೆಲೆಸುವ, ಒಂದೆರಡು ಕೋಣೆಗಳನ್ನು ಹೋಂಸ್ಟೇ ಮಾಡುವ ಆಲೋಚನೆ ಅವನದು. ಆಲೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಮಲೆನಾಡಿನಲ್ಲಿ ಬಾಗಿಲು ಹಾಕಿಟ್ಟ ಮನೆಯನ್ನು ಗೆದ್ದಲು ಮತ್ತು ಮಳೆ ಸೇರಿಕೊಂಡು ಕೆಲವೇ ವರ್ಷಗಳಲ್ಲಿ ಮುಗಿಸುತ್ತವೆ. ಜನ ವಾಸವಿರುವ ಮನೆ ಮಾತ್ರ ಉಳಿಯುತ್ತದೆ, ಮತ್ತು ಈಗಿನ ಜನ ವಾಸವಿರಬೇಕಾದರೆ ಬಚ್ಚಲು ಬೇಕೇ ಬೇಕು.

ಆದರೆ ಆ ಮನೆ ಇರುವುದು ಅಘೋರೇಶ್ವರ ದೇವಾಲಯದ ಹತ್ತಿರ. ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಇಂಥ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ ಅದರ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದನ್ನು ಕಟ್ಟಬಹುದು, ಆದರೆ ಅದಕ್ಕೂ ಮೊದಲೇ ಅನುಮತಿ ಬೇಕು. ಇವನ್ನು ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಊರಿನಲ್ಲಿ ಈ ಕಾಯ್ದೆಯ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಗೊತ್ತಿರುವುದು ‘ಗುಡಿ ಹತ್ತಿರ ಕಟ್ಟಲಿಕ್ಕೆ ಬಿಡುವುದಿಲ್ಲ’ ಎಂಬಷ್ಟೇ. ಬಿಡುವುದು ಏನು, ಬಿಡದಿರುವುದು ಏನು ಎಂಬ ವಿವರಕ್ಕೆ ಯಾರೂ ಇಳಿದಿರಲಿಲ್ಲ.

ನೂರು ಮೀಟರನ್ನು ಎಲ್ಲಿಂದ ಅಳೆಯಬೇಕು ಎಂಬುದೇ ಮೊದಲ ಪ್ರಶ್ನೆಯಾಯಿತು. ಮಾವ ಮತ್ತು ಅವರ ಮಗ ದೇವಾಲಯದ ಗೋಡೆಯಿಂದ ಅಳೆದು, ಇಡೀ ಮನೆ ನೂರು ಮೀಟರಿನ ಹೊರಗಿದೆ ಎಂದು ನಿಶ್ಚಿಂತರಾಗಿದ್ದರು. ಕಾಯ್ದೆ ಅಳೆಯುವುದು ಕಲ್ಲಿನ ಗೋಡೆಯಿಂದಲ್ಲ, ಸಂರಕ್ಷಿತವೆಂದು ಘೋಷಿಸಿದ ಜಾಗದ ಎಲ್ಲೆಯಿಂದ. ಆ ಎಲ್ಲೆಯನ್ನು ಹಿಡಿದು ಸರ್ವೆಯವರಿಂದ ಅಳತೆ ಮಾಡಿಸಿದಾಗ ನೂರು ಮೀಟರಿನ ಗೆರೆ ಅಂಗಳವನ್ನೂ ಜಗಲಿಯನ್ನೂ ದಾಟಿ ಸರಿಯಾಗಿ ನಡುಮನೆಯ ಮಧ್ಯದಲ್ಲಿ ಹಾದುಹೋಯಿತು. ಮಾವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ಹಾಗಾದರೆ ನಾನು ಊಟಕ್ಕೆ ಕೂರುವುದು ನಿಷೇಧಿತ ಪ್ರದೇಶದಲ್ಲಿ, ಕೈ ತೊಳೆಯುವುದು ನಿಯಂತ್ರಿತ ಪ್ರದೇಶದಲ್ಲಿ ಎಂದಾಯಿತು” ಎಂದರು. ಪೋರ್ಟಿಕೊದ ಚರ್ಚೆ ಅಲ್ಲಿಗೆ ಮುಗಿಯಿತು. ಅದು ಹೊಸ ಕಟ್ಟಡ, ನಿಷೇಧಿತ ಪ್ರದೇಶದೊಳಗಿನದು. ಅರ್ಜಿ ಹಾಕುವ ಪ್ರಶ್ನೆಯೇ ಇರಲಿಲ್ಲ.

ಹೀಗೆ ಕಾಯ್ದೆಯೇ ಒಂದು ಕೆಟ್ಟ ಪ್ರಸ್ತಾವವನ್ನು ತೆಗೆದುಹಾಕಿದ್ದರಿಂದ ನನ್ನ ಕೆಲಸ ಹಗುರಾಯಿತು ಎಂದು ಯಾರಿಗಾದರೂ ಅನಿಸಬಹುದು. ಆದರೆ ಕಾಯ್ದೆಯನ್ನೂ ಅರ್ಜಿಯ ನಮೂನೆಯನ್ನೂ ಓದುತ್ತಾ ಹೋದಂತೆ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಅವುಗಳ ಕಣ್ಣಿರುವುದು ಪೂರ್ತಿಯಾಗಿ ದೇವಾಲಯದ ಮೇಲೆ. ಮಾವನ ಮನೆ ಅವುಗಳಿಗೆ ಕಾಣುವುದು ದೇವಾಲಯಕ್ಕೆ ತೊಂದರೆ ಕೊಡಬಹುದಾದ ಒಂದು ವಸ್ತುವಾಗಿ ಮಾತ್ರ. ನಮೂನೆ ಅಂತರವನ್ನು ಕೇಳುತ್ತದೆ, ವಿಸ್ತೀರ್ಣವನ್ನು ಕೇಳುತ್ತದೆ, ಉದ್ದೇಶವನ್ನು ಕೇಳುತ್ತದೆ, ಟ್ಯಾಂಕು ಮತ್ತು ಪ್ಯಾರಪೆಟ್ ಸೇರಿಸಿದರೆ ಎತ್ತರ ಎಷ್ಟು, ಬಿಟ್ಟರೆ ಎಷ್ಟು ಎಂದು ಕೇಳುತ್ತದೆ. ನಡುಮನೆಯ ಮುಂಡಿಗೆಗಳು, ಅಂದರೆ ಕಂಬಗಳು, ಯಾವ ಮರದವು, ಗೋಡೆ ಮಣ್ಣಿನದೋ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನದೋ ಎಂದು ಕೇಳುವುದಿಲ್ಲ. ಗೆರೆಯಾಚೆಗಿನ ಅರ್ಧ ಮನೆಯನ್ನು ನಾವೇ ಕೆಡವಿ, ಅಷ್ಟೇ ಎತ್ತರದ ಕಾಂಕ್ರೀಟ್ ಕಟ್ಟಡಕ್ಕೆ ಅನುಮತಿ ಕೇಳಿದರೂ ದೇವಾಲಯದ ನೋಟಕ್ಕೆ ಅಡ್ಡಿಯಾಗದಿದ್ದರೆ ಸಿಕ್ಕೀತು. ಹಳೆಯ ಮನೆಯನ್ನು ಹಳೆಯ ಮನೆಯೆಂದು ನೋಡುವ ಹೊಣೆ ಯಾವ ಕಚೇರಿಯದೂ ಅಲ್ಲದ್ದರಿಂದ ಅದು ನಮ್ಮ ಮೇಲೆಯೇ ಉಳಿಯಿತು.

ಇಕ್ಕೇರಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಕೆಳದಿಯ ಅರಸರ ರಾಜಧಾನಿ ಕೆಳದಿಯಿಂದ ಇಲ್ಲಿಗೆ ಬಂದು, ಇಲ್ಲಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಬಂದು ನೋಡಿದ ಊರು ಇದು. ಒಂದರೊಳಗೊಂದು ಮೂರು ಸುತ್ತಿನ ಕೋಟೆ, ನಡುವೆ ಕೆತ್ತನೆಯಿಂದ ಅಲಂಕರಿಸಿದ ಅರಮನೆ ಇತ್ತೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಆ ಅರಮನೆ ಮಣ್ಣು ಮತ್ತು ಮರದ್ದು, ಈಗ ಇಲ್ಲ. ಉಳಿದಿರುವುದು ಕಲ್ಲಿನ ದೇವಾಲಯ. ಮಲೆನಾಡಿನ ವಾಸದ ಕಟ್ಟಡಗಳೆಲ್ಲ, ಅರಸರದೂ ರೈತರದೂ, ಮಣ್ಣು ಮತ್ತು ಮರದವೇ ಆಗಿದ್ದವು. ಕಲ್ಲನ್ನು ಕಾಯಲು ಕಾಯ್ದೆ ಇದೆ, ಮಣ್ಣನ್ನೂ ಮರವನ್ನೂ ಕಾಯುವುದು ವರ್ಷ ವರ್ಷ ಹೆಂಚು ಕೈಯಾಡಿಸುವ ಮನೆಯವರೇ.

ಆದ್ದರಿಂದ ಹೊಸ ನಕ್ಷೆಯನ್ನು ಬದಿಗಿಟ್ಟು ಮೊದಲು ಇದ್ದ ಮನೆಯನ್ನೇ ಅಳತೆ ಮಾಡಿ ಬರೆಯಲು ಕುಳಿತೆ. ಅರ್ಜಿಗೂ ಅದು ಬೇಕಿತ್ತು. ಈ ಕೆಲಸ ಬೇಸರದ್ದೆಂದು ತಿಳಿದವರು ಅದನ್ನು ಮಾಡಿರುವುದಿಲ್ಲ. ಮೂಲೆ ಮೂಲೆಗೆ ಟೇಪು ಹಿಡಿದು, ಅಟ್ಟ ಹತ್ತಿ, ತೊಲೆ, ಜಂತೆ, ಚಾವಣಿಯ ಇಳಿಜಾರಿನ ಪಕಾಸಿ, ಅದರ ಮೇಲೆ ಹೆಂಚು ಕೂರುವ ಅಡ್ಡ ರೀಪುಗಳನ್ನು ಎಣಿಸುತ್ತಾ ಹೋದಂತೆ, ನಾವು ಒಂದೇ ಎಂದುಕೊಂಡಿದ್ದ ಮನೆ ಹಲವು ಕಾಲದಲ್ಲಿ ಕಟ್ಟಿದ ತುಂಡುಗಳಾಗಿ ಬಿಡಿಸಿಕೊಂಡಿತು. ನಡುಮನೆಯ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು. ಅಡುಗೆಮನೆಯ ಗೋಡೆಯೂ ಮಣ್ಣಿನದೇ, ಆದರೆ ಅದು ನಡುಮನೆಯ ಗೋಡೆಯೊಂದಿಗೆ ಹೆಣೆದುಕೊಂಡಿಲ್ಲ. ಎರಡರ ನಡುವೆ ನೆಲದಿಂದ ಸೂರಿನವರೆಗೆ ನೆಟ್ಟಗಿನ ಸಂದು ಇದೆ, ಅಂದರೆ ಅದು ಆಮೇಲೆ ಸೇರಿದ್ದು. ಪಡುವಣ ದಿಕ್ಕಿನ ಬಚ್ಚಲು ಇನ್ನೂ ಈಚಿನದು, ಜಂಬಿಟ್ಟಿಗೆಯದು. ಮಾಡಿಗೆ, ಅಂದರೆ ಇಳಿಜಾರು ಚಾವಣಿಗೆ, ಈಗ ಹೊದಿಸಿರುವುದು ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ನಮ್ಮ ಕಡೆಗೆ ಆ ಹೆಂಚು ಬಂದದ್ದು ಅದರ ನಂತರವೇ. ನಡುಮನೆಯ ಪಕಾಸಿಗಳ ಮೇಲೆ ಈಗಿನ ರೀಪಿನ ಸಾಲಿಗೆ ಹೊಂದದ ಹಳೆಯ ಮೊಳೆಗುಳಿಗಳು ಇನ್ನೂ ಹತ್ತಿರ ಹತ್ತಿರದಲ್ಲಿ ಇದ್ದವು. ಮೊದಲು ಅಲ್ಲಿ ಚಿಕ್ಕ ಅಳತೆಯ ನಾಡಹೆಂಚು ಇದ್ದಿರಬೇಕು. ‘ಮೂಲ ಮನೆಯನ್ನು ಇದ್ದಂತೆಯೇ ಉಳಿಸಬೇಕು’ ಎಂದು ಹೇಳುವ ನಮ್ಮಂಥವರು ಒಮ್ಮೆ ಅಟ್ಟ ಹತ್ತಿ ನೋಡಿ ಬರುವುದು ಒಳ್ಳೆಯದು. ಅಲ್ಲಿ ಮೂಲ ಎಂಬುದು ಯಾವುದು ಎಂದು ಹೇಳುವುದೇ ಕಷ್ಟ.

ಆದರೆ ಈ ಸೇರ್ಪಡೆಗಳಲ್ಲಿ ಒಂದು ಕ್ರಮ ಕಂಡಿತು, ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆಯೇ ನಿಂತವು. ಹಿಂದೆ ಸೇರಿಸಿದವರು ಯಾರೂ ಹಳೆಯದರ ತಲೆಯ ಮೇಲೆ ಹೇರಿರಲಿಲ್ಲ. ಪ್ರತಿಯೊಂದೂ ಪಕ್ಕಕ್ಕೆ ಅಥವಾ ಹಿಂದಕ್ಕೆ ಬೆಳೆದಿತ್ತು. ಪ್ರತಿಯೊಂದಕ್ಕೂ ತನ್ನದೇ ಮಾಡು ಇತ್ತು. ಮತ್ತು ಹೊಸ ಮಾಡಿನ ಮೇಲಂಚು ಹಳೆಯ ಮಾಡಿನ ಸೂರಿನ ಕೆಳಗೆ ತೂರಿಕೊಂಡಿತ್ತು. ಹೀಗಾಗಿ ಹಳೆಯ ಮಾಡಿನ ನೀರು ಹೊಸ ಮಾಡಿನ ಮೇಲೆ ಬಿದ್ದು, ಅಲ್ಲಿಂದ ಅಂಗಳಕ್ಕೆ ಬೀಳುತ್ತಿತ್ತು. ಎರಡು ಮಾಡುಗಳು ಎದುರುಬದುರಾಗಿ ಇಳಿದು ನಡುವೆ ನೀರು ಸೇರುವಂಥ ಜಾಗ ಇಡೀ ಮನೆಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ಕ್ರಮವನ್ನಿಟ್ಟುಕೊಂಡು ನೋಡಿದಾಗ ಮಹಡಿಯ ಪ್ರಸ್ತಾವ ನಿಲ್ಲಲಿಲ್ಲ. ಮಣ್ಣಿನ ಗೋಡೆ ಹೆಂಚಿನ ಮಾಡನ್ನು ನೂರು ವರ್ಷ ಹೊತ್ತೀತು, ಕಾಂಕ್ರೀಟ್ ತಾರಸಿಯನ್ನು ಹೊರುವಂತಿಲ್ಲ. ಹೊರಿಸಬೇಕಾದರೆ ಒಳಗಿನಿಂದ ಕಂಬಗಳನ್ನು ಎಬ್ಬಿಸಬೇಕು, ಆ ಕಂಬಗಳಿಗೆ ಹಳೆಯ ತಳಪಾಯದ ಪಕ್ಕದಲ್ಲಿಯೇ ಗುಂಡಿ ತೋಡಬೇಕು. ಎರಡಡಿ ಅಗೆಯುವುದರೊಳಗೆ ಗೋಡೆ ಕುಳಿತುಬಿಡುವ ಭಯವಿತ್ತು. ಎತ್ತರದ ದೃಷ್ಟಿಯಿಂದಲೂ ಟ್ಯಾಂಕಿನ ತುದಿ ನಡುಮನೆಯ ಮಾಡಿನ ನೆತ್ತಿಗಿಂತ ಸುಮಾರು ಹತ್ತಡಿ ಮೇಲೆ ಹೋಗುತ್ತಿತ್ತು, ದೇವಾಲಯದ ಆವರಣದಿಂದ ನೇರವಾಗಿ ಕಾಣುತ್ತಿತ್ತು. ಇದನ್ನು ಮಾವನ ಮಗನಿಗೆ ಫೋನಿನಲ್ಲಿ ವಿವರಿಸಿದಾಗ, “ಭಾವ, ಬೆಂಗಳೂರಿನಲ್ಲಿ ಇಷ್ಟೇ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸುತ್ತಾರಲ್ಲ” ಎಂದ. ಅಲ್ಲಿ ಕೆಡವಿ ಕಟ್ಟುತ್ತಾರೆ, ಇಲ್ಲಿ ಕೆಡವುವುದಿಲ್ಲ ಎಂದು ನೀನೇ ಹೇಳಿದ್ದೀಯ ಎಂದೆ. ಒಪ್ಪಿದ, ಸ್ವಲ್ಪ ಮುನಿಸಿಕೊಂಡೇ.

ನಿಜವಾದ ಚರ್ಚೆ ನಡೆದದ್ದು ಹಿತ್ತಲ ಕೋಣೆಗಳ ಬಗ್ಗೆ. ಅವು ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ, ಜಾಗವೂ ನೂರು ಮೀಟರಿನ ಹೊರಗಿತ್ತು. ಬೆಂಗಳೂರಿನ ನಕ್ಷೆಯಲ್ಲಿ ಅವನ್ನು ಅಡುಗೆಮನೆಯ ಗೋಡೆಗೇ ಅಂಟಿಸಿ, ಮನೆಯ ಮಾಡಿಗೆ ಎದುರಾಗಿ ಇಳಿಯುವ ಮಾಡನ್ನು ಕೊಟ್ಟು, ನಡುವಿನ ನೀರಿಗೆ ತಗಡಿನ ದೋಣಿ ತೋರಿಸಲಾಗಿತ್ತು. ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಹಿಡಿದು ಹೊಡೆಯುವ ಮಳೆಯಲ್ಲಿ ಹಿತ್ತಲ ಹಲಸಿನ ಎಲೆ, ಅಡಿಕೆಯ ಹಾಳೆ, ದರಕು ಎಲ್ಲವೂ ಆ ದೋಣಿಯಲ್ಲಿ ಕುಳಿತರೆ ನೀರು ಹೋಗುವುದು ಕೆಳಗಿರುವ ಮಣ್ಣಿನ ಗೋಡೆಯೊಳಕ್ಕೆ. ಒಂದು ಮಳೆಗಾಲ ತಡೆದೀತು, ಮೂರನೆಯದರಲ್ಲಿ ಅಡುಗೆಮನೆಯ ಗೋಡೆ ಉಬ್ಬಿ ನಿಲ್ಲುತ್ತದೆ. ಬಚ್ಚಲಿನ ಪೈಪುಗಳೂ ಅದೇ ಗೋಡೆಯಲ್ಲಿ ಹೋಗುವಂತಿದ್ದವು. ಅದರ ಮೇಲೆ ಸಿಮೆಂಟಿನ ಗಾರೆ ಬಳಿಯುವ ಸೂಚನೆಯೂ ಇತ್ತು. ಮಣ್ಣಿನ ಗೋಡೆ ಹೀರಿದ ತೇವವನ್ನು ಸುಣ್ಣದ ಗಾರೆಯಾದರೆ ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ಒಳಗೇ ಕಟ್ಟಿ ಹಾಕುತ್ತದೆ, ಗೆದ್ದಲಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಹಾಗಾಗಿ ಹೊಸ ಕೋಣೆಗಳನ್ನು ಗೋಡೆಯಿಂದ ಆರಡಿ ದೂರ ಸರಿಸಿ, ನಡುವೆ ಒಂದು ಕಿರಿದಾದ ಓಣಿಯನ್ನು ಮಾತ್ರ ಮಾಡಿ, ಓಣಿಯ ಮಾಡನ್ನು ಹಳೆಯ ಸೂರಿನ ಕೆಳಗೆ ತೂರಿಸುವುದು ಎಂದು ಬರೆದೆ. ಬರೆದ ಮೇಲೆ ತೊಡಕು ಕಂಡಿತು. ಮಲೆನಾಡಿನ ಸೂರು ತಗ್ಗು. ಅಡುಗೆಮನೆಯ ಹಿಂದಿನ ಸೂರು ಒಳನೆಲದಿಂದ ಬರೀ ಆರೂವರೆ ಅಡಿ. ಅದರ ಕೆಳಗೆ ಇನ್ನೊಂದು ಮಾಡು ಬಂದರೆ ತಲೆ ತಗ್ಗಿಸಿಯೇ ನಡೆಯಬೇಕು. ಇದಕ್ಕೆ ದಾರಿ ತೋರಿಸಿದವರು ಆ ಮನೆಯ ಮರಗೆಲಸವನ್ನು ಬಲ್ಲ ಹಿರಿಯ ಆಚಾರಿ. ಹಿತ್ತಲು ತೋಟದ ಕಡೆಗೆ ಇಳಿಜಾರಾಗಿದೆ, ನೆಲ ಅಲ್ಲಿ ಎರಡಡಿ ತಗ್ಗು. “ಸೂರನ್ನು ಯಾಕೆ ಎತ್ತುತ್ತೀರಿ ಸಾರ್, ನೆಲವನ್ನು ಇಳಿಸಿ” ಎಂದರು. ಮೂರು ಮೆಟ್ಟಿಲು ಇಳಿದು ಓಣಿಗೆ ಹೋದರೆ ತಲೆಗೆ ಧಾರಾಳ ಜಾಗ ಸಿಕ್ಕಿತು, ಹೊಸ ಕೋಣೆಗಳ ಮಾಡಿನ ನೆತ್ತಿಯೂ ಹಳೆಯ ಮಾಡಿಗಿಂತ ಕೆಳಗೇ ಉಳಿಯಿತು. ಅರ್ಜಿಯಲ್ಲಿ ಎತ್ತರದ ಅಂಕಣ ತುಂಬುವಾಗ ಇದರಿಂದ ಎಷ್ಟು ನೆಮ್ಮದಿಯಾಯಿತೆಂದು ಹೇಳಬೇಕಿಲ್ಲ.

ಆದರೆ ಅತ್ತೆಗೆ ಮಂಡಿನೋವು. ರಾತ್ರಿ ಮೂರು ಮೆಟ್ಟಿಲು ಇಳಿದು ಬಚ್ಚಲಿಗೆ ಹೋಗುವುದು ಅವರಿಂದ ಆಗದ ಮಾತು, ಮಾವನಿಂದಲೂ ಇನ್ನು ಹೆಚ್ಚು ಕಾಲ ಆಗಲಾರದು. ಮೆಟ್ಟಿಲಿನ ಬದಲು, ಒಂದಡಿ ಇಳಿಯಲು ಹನ್ನೆರಡಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ಮಾಡಿದರೆ ಎರಡಡಿಗೆ ಇಪ್ಪತ್ತನಾಲ್ಕು ಅಡಿ ಉದ್ದ ಬೇಕು. ಅಷ್ಟು ಜಾಗ ಇರಲಿಲ್ಲ. ನಡುಮನೆಯ ಪಕ್ಕದ ಉಗ್ರಾಣವನ್ನು ಬಚ್ಚಲು ಮಾಡೋಣ ಎಂದು ಮಾವನ ಮಗ ಹೇಳಿದ. ಅಲ್ಲಿಯವರೆಗೆ ಎಲ್ಲವನ್ನೂ ಕೇಳುತ್ತಾ ಕುಳಿತಿದ್ದ ಅತ್ತೆ, ನೀರು ಕಾಣದ ಗೋಡೆಗೆ ನೀರು ತೋರಿಸುವುದು ಬೇಡ, ಬಚ್ಚಲು ಇರುವಾಗ ಇನ್ನೊಂದು ಬಚ್ಚಲು ಯಾಕೆ ಎಂದರು. ಪಡುವಣದ ಹಳೆಯ ಬಚ್ಚಲಿನ ಗೋಡೆ ಜಂಬಿಟ್ಟಿಗೆಯದು, ನೆಲಕ್ಕೆ ಕಲ್ಲು ಹಾಸಿದೆ, ನೀರು ಹೊರಗೆ ಹೋಗುವ ದಾರಿ ಆಗಲೇ ಇದೆ, ನೆಲ ಅಡುಗೆಮನೆಗೆ ಸಮನಾಗಿದೆ. ಹಂಡೆಯ ಒಲೆಯನ್ನು ಒಂದು ಮೂಲೆಗೆ ಉಳಿಸಿಕೊಂಡು, ಇನ್ನೊಂದು ಬದಿಯಲ್ಲಿ ಕಮೋಡ್ ಕೂರಿಸಿ, ಗೋಡೆಗೆ ಹಿಡಿಕೆ ಹಾಕಿದರೆ ಹಿರಿಯರಿಗೆ ಬೇಕಾದದ್ದೆಲ್ಲ ಅಲ್ಲಿಯೇ ಆಗುತ್ತಿತ್ತು. ಹೊಸದಾಗಿ ಒಂದು ಚದರಡಿಯನ್ನೂ ಕಟ್ಟುವ ಅಗತ್ಯ ಬೀಳಲಿಲ್ಲ. ಇಡೀ ಪರಿಶೀಲನೆಯಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ. ಶೌಚದ ಇಂಗುಗುಂಡಿಯನ್ನು ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿ, ತೋಟದ ದಿಕ್ಕಿಗೆ ಇರಿಸಿದೆವು. ಬೆಂಗಳೂರಿನ ನಕ್ಷೆಯಲ್ಲಿ ಬಾವಿಯನ್ನೇ ಗುರುತಿಸಿರಲಿಲ್ಲ.

ಹೊಸ ಕೋಣೆಗಳು ನೋಡಲು ಹೇಗಿರಬೇಕು ಎಂಬ ವಾದ ಕೊನೆಗೆ ಬಂತು. ಮಾವನ ಮಗನ ವಾಸ್ತುಶಿಲ್ಪಿ ಮಿತ್ರರೊಬ್ಬರು, ಹಳೆಯ ಕಟ್ಟಡಕ್ಕೆ ಸೇರಿಸಿದ್ದು ಹಳೆಯದರಂತೆ ನಟಿಸಬಾರದು, ಅದರಲ್ಲಿ ತನ್ನ ಕಾಲದ ಗುರುತು ಕಾಣಬೇಕು ಎಂದು ಸ್ಮಾರಕಗಳ ಸಂರಕ್ಷಣೆಯ ಕುರಿತ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದನ್ನು ಮುಂದಿಟ್ಟರು, ಗಾಜು ಮತ್ತು ಉಕ್ಕಿನ ಪೆಟ್ಟಿಗೆಯಂಥ ಕೋಣೆಗಳನ್ನು ಸೂಚಿಸಿದರು. ಅದೇ ಸನ್ನದು ಸೇರ್ಪಡೆಗಳು ಕಟ್ಟಡದ ಸಮತೋಲವನ್ನೂ ಸುತ್ತಲಿನೊಂದಿಗಿನ ಅದರ ಸಂಬಂಧವನ್ನೂ ಕೆಡಿಸಬಾರದು ಎಂದೂ ಹೇಳುತ್ತದೆ. ನಮ್ಮ ದೇಶದಲ್ಲಿ ಕಾಯ್ದೆಯ ರಕ್ಷಣೆಯಿಲ್ಲದ ಕಟ್ಟಡಗಳಿಗೆಂದೇ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ರೂಪಿಸಿದ ಸನ್ನದು, ಸ್ಥಳೀಯ ಕುಶಲಕರ್ಮಿಗಳ ಜೀವಂತ ಪರಂಪರೆಗೆ, ಜೀರ್ಣೋದ್ಧಾರದ ನಮ್ಮ ಪದ್ಧತಿಗೆ ಹೆಚ್ಚಿನ ಬೆಲೆ ಕೊಡುತ್ತದೆ. ಮಾವನ ಮನೆಗೆ ನನಗೆ ಸರಿಕಂಡದ್ದು ಎರಡನೆಯದು. ಆಚಾರಿ ಇನ್ನೂ ಕೈಯಲ್ಲಿ ಉಳಿ ಹಿಡಿದಿರುವ ಊರಿನಲ್ಲಿ ಹಳೆಯ ಪದ್ಧತಿಯಲ್ಲಿ ಕಟ್ಟಿದರೆ ಅದು ನಟನೆ ಹೇಗಾದೀತು? ಆದರೂ ಮಿತ್ರರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹೊಸ ಗೋಡೆಗಳಿಗೆ ಗಾರೆ ಬಳಿಯದ ಜಂಬಿಟ್ಟಿಗೆ, ಮಾಡಿಗೆ ಹಳೆಯ ಮನೆಗಳಿಂದ ಆರಿಸಿ ತಂದ ಮಂಗಳೂರು ಹೆಂಚು, ಆದರೆ ಹೆಂಚಿನ ಕೆಳಗೆ ಮರದ ಬದಲು ಕಬ್ಬಿಣದ ಪೈಪು, ಬಾಗಿಲ ಮೇಲಿನ ಕಲ್ಲಿನಲ್ಲಿ ಕಟ್ಟಿದ ಇಸವಿ ಎಂದು ಒಪ್ಪಿಕೊಂಡೆವು. ಆಚಾರಿಗೆ ಕಬ್ಬಿಣದ ಪೈಪು ಅಷ್ಟು ಹಿಡಿಸಲಿಲ್ಲ. ಆ ಅಳತೆಯ ಒಳ್ಳೆಯ ಮರಕ್ಕೆ ಈಗ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದರು.

ಅರ್ಜಿಯ ಭಾಗದ ಬಗ್ಗೆ ಹೇಳುವುದು ಕಡಿಮೆ. ರಾಜ್ಯಕ್ಕೆ ನೇಮಕವಾಗಿರುವ ಸಕ್ಷಮ ಪ್ರಾಧಿಕಾರಕ್ಕೆ ಅದನ್ನು ಸಲ್ಲಿಸಬೇಕು; ಅವರು ಹದಿನೈದು ದಿನಗಳೊಳಗೆ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು; ಅಲ್ಲಿಂದ ಎರಡು ತಿಂಗಳೊಳಗೆ ಶಿಫಾರಸು, ಆಮೇಲೆ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರದ ಉತ್ತರ ಎಂದು ಕಾಯ್ದೆಯಲ್ಲಿದೆ. ಒಡೆತನದ ದಾಖಲೆ, ಸ್ಥಳದ ಫೋಟೊಗಳು, ದೇವಾಲಯದಿಂದ ಮನೆ ಕಾಣುವ ಮತ್ತು ಮನೆಯಿಂದ ದೇವಾಲಯ ಕಾಣುವ ನೋಟಗಳು, ಅಂತರ ತೋರಿಸುವ ಸರ್ವೆ ನಕ್ಷೆ, ಇದ್ದ ಮನೆಯ ಅಳತೆಯ ನಕ್ಷೆ, ಸೇರಿಸುವ ಭಾಗದ ನಕ್ಷೆ ಎಲ್ಲವನ್ನೂ ಇಟ್ಟೆವು. ಸೇರಿಸುವ ಭಾಗಕ್ಕೆ ಬೇರೆ ಬಣ್ಣ ಕೊಟ್ಟು, ನೂರು ಮೀಟರಿನ ಗೆರೆಯನ್ನು ಕೆಂಪಿನಲ್ಲಿ ಎಳೆದು, ಗೆರೆಯ ಒಳಗಿನ ಭಾಗದಲ್ಲಿ ಯಾವ ಕೆಲಸವೂ ಇಲ್ಲ ಎಂದು ನಕ್ಷೆಯ ಮೇಲೆಯೇ ಬರೆದದ್ದು ಉಪಯೋಗಕ್ಕೆ ಬಂತು. ನೋಡುವವರು ಹುಡುಕಬೇಕಾದದ್ದನ್ನು ನಾವೇ ತೋರಿಸಿದಂತಾಯಿತು. ಟ್ಯಾಂಕನ್ನು ಮಾಡಿನ ಮೇಲೆ ಇಡದೆ ಹಿತ್ತಲಲ್ಲಿ ತಗ್ಗಿನ ಕಟ್ಟೆಯ ಮೇಲೆ ಇಟ್ಟು, ಸಣ್ಣ ಪಂಪು ಜೋಡಿಸುವುದೆಂದು ತೋರಿಸಿದ್ದರಿಂದ ಟ್ಯಾಂಕು ಸೇರಿಸಿ, ಬಿಟ್ಟು ಎಂಬ ಎರಡು ಎತ್ತರಗಳೂ ಒಂದೇ ಆದವು.

ಹಿತ್ತಲ ಕೋಣೆಗಳಿಗೆ ಅನುಮತಿ ಸಿಕ್ಕಿತು. ಅದನ್ನು ಹಿಡಿದು ಪಂಚಾಯಿತಿಯ ಪರವಾನಗಿಯನ್ನೂ ಪಡೆದು, ಮಳೆ ನಿಂತ ಮೇಲೆ ಕೆಲಸ ಹಿಡಿದೆವು. ಕೋಣೆಗಳು ಈಗ ಮುಗಿದಿವೆ, ಓಣಿಯ ಮಾಡು ಒಂದು ಮಳೆಗಾಲವನ್ನು ಕಂಡಿದೆ, ಅಡುಗೆಮನೆಯ ಗೋಡೆ ಒಣಗಿದೆ. ಕಾರು ಅಂಗಳದಲ್ಲಿ ಬಯಲಿನಲ್ಲಿಯೇ ನಿಲ್ಲುತ್ತದೆ. ಬಂದಾಗಲೆಲ್ಲ ಮಾವನ ಮಗ ಅದನ್ನು ನೆನಪಿಸುತ್ತಾನೆ.

ಜಗಲಿಯ ವಿಷಯ ಇನ್ನೂ ಇದೆ. ಅದರ ಎರಡು ಮುಂಡಿಗೆಗಳ ಬುಡಕ್ಕೆ ಗೆದ್ದಲು ಹಿಡಿದಿದೆ, ಅಲ್ಲಿನ ಪಕಾಸಿಗಳಲ್ಲಿ ಕೆಲವನ್ನು ಬದಲಿಸಲೇಬೇಕು. ಅದು ಗೆರೆಯ ಒಳಗಿನ ಭಾಗವಾದ್ದರಿಂದ ದುರಸ್ತಿಗೆಂದೇ ಬೇರೆ ಅರ್ಜಿ ಹಾಕಬೇಕು, ಮನೆ 1992ಕ್ಕೂ ಮೊದಲಿನದೆಂದು ತೋರಿಸಬೇಕು, ಮತ್ತು ದುರಸ್ತಿ ಎಂದರೆ ಇರುವುದರ ದುರಸ್ತಿಯೇ. ಜಗಲಿಯನ್ನು ಒಂದಡಿ ಮುಂದಕ್ಕೆ ಎಳೆಯುವಂತಿಲ್ಲ, ಸೂರನ್ನು ಎತ್ತುವಂತಿಲ್ಲ. ಮನೆ ಕಂದಾಯದ ಹಳೆಯ ರಸೀದಿಗಳನ್ನೂ ವಿದ್ಯುತ್ ಸಂಪರ್ಕ ಕೊಟ್ಟಾಗಿನ ಕಾಗದವನ್ನೂ ಮಾವ ಅಟ್ಟದ ಪೆಟ್ಟಿಗೆಯಿಂದ ಹುಡುಕಿ ತೆಗೆದಿದ್ದಾರೆ. ಮುಂಡಿಗೆಗಳ ಬುಡದ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸಿದರೆ ಸಾಕೋ, ಇಡೀ ಮುಂಡಿಗೆಯನ್ನೇ ಬದಲಿಸಬೇಕೋ ಎಂದು ಆಚಾರಿ ಮುಂದಿನ ವಾರ ಬಂದು ನೋಡಿ ಹೇಳಬೇಕಾಗಿದೆ; ಅವರ ಮಾತು ಕೇಳಿದ ಮೇಲೆಯೇ ಅರ್ಜಿಯ ನಕ್ಷೆ ಬರೆಯುವವನಿದ್ದೇನೆ.